ಸ್ಕೋಪಿನ ಲೆಕ್ಕ: ಹಂದಿಗೆಷ್ಟು, ಚುಕ್ಕೆಗೆಷ್ಟು

ಪುತ್ತೂರು, ಸುಳ್ಯ, ಕಡಬದ ಕಡೆ ಕೋವಿ ಕೃಷಿ ಸಲಕರಣೆಗಳ ಸಾಲಿಗೆ ಸೇರಿದ್ದು. ಕೋಡಿಂಬಾಳದಂಥ ಊರಿನಲ್ಲಿ ತೋಟದ ಬೆನ್ನಿಗೆ ರಬ್ಬರು, ರಬ್ಬರಿನ ಬೆನ್ನಿಗೆ ಕಾಡು. ರಾತ್ರಿ ಹಂದಿ ಹಿಂಡು ಇಳಿದರೆ ಬಾಳೆ, ಗೆಣಸು, ಎಳೆ ತೆಂಗಿನ ಸಸಿ ಬೆಳಗಾಗುವಷ್ಟರಲ್ಲಿ ನೆಲಸಮ. ಹಗಲು ಹೊತ್ತು ಮಂಗಗಳ ಪಾಳಿ. ಹಾಗಾಗಿ ಬೆಳೆ ರಕ್ಷಣೆಯ ಲೈಸೆನ್ಸು, ಅದಕ್ಕೊಂದು ಕೋವಿ, ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವ ತಾಪತ್ರಯ, ಇವೆಲ್ಲ ಇಲ್ಲಿನ ರೈತರಿಗೆ ಮಾಮೂಲು.

ಈಚೆಗೆ ಈ ಮನೆಗಳ ಹುಡುಗರಲ್ಲಿ ಏರ್ ರೈಫಲಿನ ಹುಚ್ಚು ಹತ್ತಿದೆ. ಅದರ ಜೊತೆಗೇ ಬರುವುದು ಕೋವಿಯ ಮೇಲೆ ಕೂರಿಸುವ ದುರ್ಬೀನಿನ, ಅಂದರೆ ಸ್ಕೋಪಿನ, ಪ್ರಶ್ನೆ: "ಗುರಿ ಹೊಡೆಯುವುದಕ್ಕೂ ಆಗಬೇಕು, ಬೇಟೆಗೂ ಆಗಬೇಕು. ಅಂಥದ್ದು ಒಂದೇ ಸ್ಕೋಪ್ ಉಂಟಾ ಮಾರಾಯ್ರೇ?" ಅಂಗಡಿಯವನು ಉಂಟು ಎನ್ನುತ್ತಾನೆ, ಅದು ಅವನ ವ್ಯಾಪಾರ. ಭೌತಶಾಸ್ತ್ರದ ಉತ್ತರ ಅಷ್ಟು ಸಲೀಸಲ್ಲ. ಕಾನೂನಿನ ಉತ್ತರವಂತೂ ಇನ್ನೂ ಖಡಕ್ಕು.

ಕಾನೂನನ್ನು ಮೊದಲೇ ಮುಗಿಸಿಬಿಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಈ ದೇಶದಲ್ಲಿ ಮೋಜಿನ ಬೇಟೆ ಎನ್ನುವುದು ಇಲ್ಲ. ಕೊಂದರೆ ಮಾತ್ರ ಬೇಟೆ ಎಂದುಕೊಳ್ಳಬೇಡಿ. ಗಾಯ ಮಾಡುವುದು, ಕೊಲ್ಲಲು ಯತ್ನಿಸುವುದೂ ಆ ಕಾಯ್ದೆಯ ಪ್ರಕಾರ ಬೇಟೆಯೇ. ಬೆಳೆ ಹಾಳು ಮಾಡುವ ಪ್ರಾಣಿಯ ವಿಷಯದಲ್ಲಿ ಅನುಮತಿ ಕೊಡುವ ಅಧಿಕಾರ ಅರಣ್ಯ ಇಲಾಖೆಯದು, ಅದೂ ಲಿಖಿತವಾಗಿ. ಕೋವಿಗೆ ಲೈಸೆನ್ಸ್ ಇದೆ ಎಂದರೆ ಹೊಡೆಯಲು ಲೈಸೆನ್ಸ್ ಇದೆ ಎಂದಾಗುವುದಿಲ್ಲ. 4.5 ಮಿಲಿಮೀಟರ್ ಒಳಗಿನ, 20 ಜೂಲ್ ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಡ, ನಿಜ. ಆದರೆ ಅದರಿಂದ ಮಂಗನಿಗೆ ಗುರಿಯಿಟ್ಟರೂ ಕಾಯ್ದೆ ಅದೇ. ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು', 'ಈಡೊಂದು ಹುಲಿಯೆರಡು' ಓದಿ ರೋಮಾಂಚನಗೊಳ್ಳುವವರು ಆ ಕಾಲ ಮುಗಿಯಿತು ಎಂಬುದನ್ನೂ ಜೊತೆಗೇ ಓದಿಕೊಳ್ಳಬೇಕು.

ಹಾಗಿದ್ದರೂ ಬೇಟೆಯ ಸ್ಕೋಪಿನ ಬಗ್ಗೆ ಬರೆಯುವುದೇಕೆ? ಮಾರುಕಟ್ಟೆಯಲ್ಲಿ ಸಿಗುವ ಸ್ಕೋಪುಗಳೆಲ್ಲ ಬೇಟೆಗಾರನನ್ನೋ ಗುರಿಕಾರನನ್ನೋ ಕಣ್ಣಮುಂದೆ ಇಟ್ಟುಕೊಂಡೇ ತಯಾರಾದವು. ಯಾವುದು ಯಾರಿಗಾಗಿ ಆದದ್ದು ಎಂದು ತಿಳಿಯದೆ ದುಡ್ಡು ಹಾಕಿದರೆ ಪೆಟ್ಟಿಗೆಯೊಳಗಿನ ಗಾಜು ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ನಮ್ಮ ಕಡೆಯ ಕೇಪಿನ ಕೋವಿಗೂ ಹನ್ನೆರಡು ಬೋರಿನ ತೋಟೆ ಕೋವಿಗೂ ಸ್ಕೋಪ್ ದಂಡ. ಇವುಗಳ ನಳಿಗೆಯ ಒಳಮೈ ನುಣುಪು. ರೈಫಲಿನ ನಳಿಗೆಯಲ್ಲಿ ತಿರುಚಿದ ಗೀರುಗಳಿರುತ್ತವೆ, ಅವು ಗುಂಡನ್ನು ಗಿರಗಿರನೆ ತಿರುಗಿಸುತ್ತವೆ, ತಿರುಗುವ ಗುಂಡು ನೆಟ್ಟಗೆ ಹೋಗುತ್ತದೆ. ನುಣುಪು ನಳಿಗೆಯಿಂದ ಹೊರಟ ಚಿಲ್ಲುಗಳು, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳು, ಹರಡಿಕೊಂಡು ಹೋಗುತ್ತವೆ. ಬಾಯಿ ಕಿರಿದಾಗದ ಹನ್ನೆರಡು ಬೋರಿನಿಂದ 36 ಮೀಟರು ದೂರಕ್ಕೆ ಹೊಡೆದರೆ ಮುಕ್ಕಾಲು ಮೀಟರು ಅಗಲದ ವೃತ್ತದೊಳಗೆ ಬೀಳುವುದು ಚಿಲ್ಲುಗಳ ಸುಮಾರು ಶೇ. 40 ಮಾತ್ರ. ಉಳಿದವು ಅದರ ಆಚೆ. ಇಂಥ ಕೋವಿಗೆ ಮಿಲಿಮೀಟರ್ ಲೆಕ್ಕದ ಕನ್ನಡಕ ಯಾಕೆ? ತುದಿಯಲ್ಲಿರುವ ಹಿತ್ತಾಳೆಯ ಮಣಿ ಸಾಕು.

ಸ್ಕೋಪು ಕೋವಿಯ ಗುಣವನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ. ಅದು ಪರಿಹರಿಸುವುದು ಕಣ್ಣಿನ ಕಷ್ಟವನ್ನು. ಸಾದಾ ರೈಫಲಿನಲ್ಲಿ ಗುರಿ ಹಿಡಿಯುವಾಗ ಕಣ್ಣು ಮೂರು ಕಡೆ ನೋಡಬೇಕು: ಒಂದಡಿ ದೂರದ ಹಿಂದಿನ ಕಚ್ಚು, ಮೂರಡಿ ದೂರದ ಮುಂದಿನ ಮಣಿ, ಅದರಾಚೆ ಎಲ್ಲೋ ಇರುವ ಗುರಿ. ಕಣ್ಣಿನ ಮಸೂರ ಒಂದು ಹೊತ್ತಿಗೆ ಒಂದನ್ನಷ್ಟೇ ಸ್ಪಷ್ಟವಾಗಿ ತೋರಿಸಬಲ್ಲದು. ಇಪ್ಪತ್ತರ ಹರೆಯದಲ್ಲಿ ಅದು ಚಕಚಕನೆ ಮೂರರ ನಡುವೆ ಓಡಾಡಿ ನಿಭಾಯಿಸುತ್ತದೆ. ನಲವತ್ತು ದಾಟಿದ ಮೇಲೆ ಮಸೂರ ಬಿಗಿಯಾಗುತ್ತದೆ, ಪೇಪರನ್ನು ದೂರ ಹಿಡಿದು ಓದುವ ಕಾಲ ಬರುತ್ತದೆ, ಆಗ ಹಿಂದಿನ ಕಚ್ಚು ಬರೀ ಮಂಜು. ಸ್ಕೋಪು ದೂರದ ಗುರಿಯ ಬಿಂಬವನ್ನು ತನ್ನ ಕೊಳವೆಯೊಳಕ್ಕೇ ತಂದು, ಅಲ್ಲಿರುವ ಅಡ್ಡ-ಉದ್ದ ಗೆರೆಗಳ ಮೇಲೆ ಕೂರಿಸುತ್ತದೆ. ಮೂರು ದೂರಗಳು ಹೋಗಿ ಒಂದೇ ಉಳಿಯುತ್ತದೆ.

ಇದು ಹೊಳೆದದ್ದು ಬೇಟೆಗಾರನಿಗಲ್ಲ, ಆಕಾಶ ನೋಡುವವನಿಗೆ. 1640ರ ಆಸುಪಾಸಿನಲ್ಲಿ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯಿನ್ ಎಂಬ ತರುಣನ ದೂರದರ್ಶಕದೊಳಗೆ ಒಂದು ಜೇಡ ನೂಲು ಕಟ್ಟಿತಂತೆ. ನೂಲು ಸರಿಯಾಗಿ ಬಿಂಬ ಮೂಡುವ ಜಾಗದಲ್ಲೇ ಇದ್ದುದರಿಂದ ನಕ್ಷತ್ರದಷ್ಟೇ ಸ್ಪಷ್ಟವಾಗಿ ಅದೂ ಕಂಡಿತು. ಗೆರೆಯನ್ನು ಬಿಂಬದ ಜಾಗದಲ್ಲಿ ಇಟ್ಟರೆ ಗೆರೆ, ಗುರಿ ಎರಡೂ ಒಟ್ಟಿಗೆ ಕಾಣುತ್ತವೆ ಎಂಬುದು ಅವನಿಗೆ ತಿಳಿದದ್ದು ಹೀಗೆ. ಆತ 1644ರಲ್ಲಿ ಅಂತರ್ಯುದ್ಧದಲ್ಲಿ ಸತ್ತ. ಕೋವಿಯ ಮೇಲೆ ಕೂರುವ ಸ್ಕೋಪು ಬಳಕೆಗೆ ಬರಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

ಈಗ ಪೆಟ್ಟಿಗೆಯ ಮೇಲಿನ ಅಂಕಿ. ಅತಿ ಹೆಚ್ಚು ಮಾರಾಟವಾಗುವ ಬಗೆಯದು '3-9×40'. ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 40 ಮಿಲಿಮೀಟರ್. ಕೊಳ್ಳುವವರ ಕಣ್ಣು ಮೊದಲ ಅಂಕಿಗಳ ಮೇಲಿರುತ್ತದೆ. ಆದರೆ ಮುಖ್ಯವಾದದ್ದು ಭಾಗಾಕಾರ. 40ನ್ನು ಪಟ್ಟಿನಿಂದ ಭಾಗಿಸಿದರೆ ಸ್ಕೋಪಿನ ಹಿಂಬದಿಯಿಂದ ಹೊರಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ನಾಲ್ಕು ಪಟ್ಟಿನಲ್ಲಿ 10 ಮಿಲಿಮೀಟರ್, ಒಂಬತ್ತರಲ್ಲಿ 4.4. ಸ್ಕೋಪನ್ನು ತೋಳುದ್ದ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿದರೆ ಈ ಬಿಲ್ಲೆ ಕಣ್ಣಿಗೇ ಕಾಣುತ್ತದೆ. ಜೂಮ್ ಬಳೆ ತಿರುಗಿಸುತ್ತ ಹೋದಂತೆ ಅದು ಕುಗ್ಗುತ್ತದೆ.

ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರಿನವರೆಗೆ ಅರಳುತ್ತದೆ, ಐವತ್ತು ದಾಟಿದವರದು ಐದರ ಹತ್ತಿರ. ಬಿಲ್ಲೆ ಪಾಪೆಗಿಂತ ದೊಡ್ಡದಿದ್ದರೆ ಹೆಚ್ಚಿನ ಬೆಳಕು ಪೋಲು, ಚಿಕ್ಕದಿದ್ದರೆ ದೃಶ್ಯ ಮಸುಕು. ಜರ್ಮನಿಯ ಬೇಟೆಗಾರರು 8×56 ಸ್ಕೋಪನ್ನು ಪೂಜಿಸುವುದು ಇದಕ್ಕೇ: 56ನ್ನು ಎಂಟರಿಂದ ಭಾಗಿಸಿದರೆ ಸರಿಯಾಗಿ ಏಳು. ಅಲ್ಲಿ ಬೇಸಿಗೆಯ ಮುಸ್ಸಂಜೆ ಮುಕ್ಕಾಲು ಗಂಟೆಯಷ್ಟು ಎಳೆಯುತ್ತದೆ. ಕೋಡಿಂಬಾಳ ಇರುವುದು ಹನ್ನೆರಡೂಮುಕ್ಕಾಲು ಡಿಗ್ರಿ ಉತ್ತರದ ಅಕ್ಷಾಂಶದ ಸನಿಹ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ, ಮುಳುಗಿ ಇಪ್ಪತ್ತೆರಡು-ಇಪ್ಪತ್ಮೂರು ನಿಮಿಷಕ್ಕೆ ಕತ್ತಲು. ಅಡಿಕೆ ತೋಟದೊಳಗೆ ಅದಕ್ಕೂ ಮುಂಚೆ. ಆ ದೊಡ್ಡ ಗಾಜಿನ ಭಾರವನ್ನು ಹೊತ್ತು ನಮಗೆ ದಕ್ಕುವ ಲಾಭ ಬೆರಳೆಣಿಕೆಯ ನಿಮಿಷಗಳದ್ದು. ಬೇರೆಯವರ ಹವಾಮಾನಕ್ಕಾಗಿ ತಯಾರಾದದ್ದನ್ನು ಅದು ದುಬಾರಿ ಎಂಬ ಒಂದೇ ಕಾರಣಕ್ಕೆ ಒಳ್ಳೆಯದೆಂದು ಭಾವಿಸುವ ಚಾಳಿ ನಮ್ಮಲ್ಲಿ ಬಹಳ.

ಬೆಳಕಿನ ಮಾತು ಬಂದಾಗ ಗಾಜಿನ ಲೇಪವನ್ನು ನೋಡಲೇಬೇಕು. ಬರೀ ಗಾಜಿನ ಪ್ರತಿ ಮುಖವೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 4ನ್ನು ಹಿಂದಕ್ಕೆ ಎಸೆಯುತ್ತದೆ. ಸ್ಕೋಪಿನಲ್ಲಿ ಹತ್ತು ಮುಖಗಳಿದ್ದರೆ ಮೂರರಲ್ಲಿ ಒಂದು ಪಾಲು ಬೆಳಕು ದಾರಿಯಲ್ಲೇ ಖರ್ಚು. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿಗೆ ತೆಳು ಪದರ ಬಳಿದು ಈ ಸೋರಿಕೆ ತಡೆಯುವ ವಿಧಾನ ಕಂಡುಹಿಡಿದ. ಪೆಟ್ಟಿಗೆ ಏನೇ ಹೇಳಲಿ, ಅಂಗಡಿಯಲ್ಲೇ ಪರೀಕ್ಷಿಸಬಹುದು. ಉರಿಯುವ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಮುಂದಿನ ಗಾಜಿನಲ್ಲಿ ನೋಡಿ. ಒಳಗೊಳಗೆ ಹಲವು ಟ್ಯೂಬ್‌ಲೈಟುಗಳು ಕಾಣುತ್ತವೆ, ಒಂದೊಂದು ಮುಖಕ್ಕೂ ಒಂದೊಂದು. ಎಲ್ಲವೂ ಮಂಕು ಹಸಿರು, ನೇರಳೆ ಬಣ್ಣದವಾದರೆ ಲೇಪ ಎಲ್ಲ ಮುಖಕ್ಕೂ ಇದೆ. ನಡುವೆ ಒಂದು ಬೆಳ್ಳಗೆ ಹೊಳೆದರೆ ಆ ಮುಖವನ್ನು ಬರಿದಾಗಿ ಬಿಟ್ಟಿದ್ದಾರೆ.

ಪಟ್ಟು ಹೆಚ್ಚಿದರೆ ಒಳ್ಳೆಯದಲ್ಲವೇ ಎಂದು ಕೇಳುವವರಿಗೆ ಓಡುವ ಹಂದಿಯ ಕತೆ ಹೇಳಬೇಕು. ಒಲಿಂಪಿಕ್ಸಿನಲ್ಲಿ 1972ರ ಮ್ಯೂನಿಕ್‌ನಿಂದ 1988ರ ಸೋಲ್‌ವರೆಗೆ ಒಂದು ಸ್ಪರ್ಧೆಯಿತ್ತು. 50 ಮೀಟರು ಆಚೆ ಕಾಡುಹಂದಿಯ ಚಿತ್ರ ಬರೆದ ಫಲಕವೊಂದು 10 ಮೀಟರು ಅಗಲದ ಬಯಲಿನಲ್ಲಿ ಅಡ್ಡ ಓಡುತ್ತದೆ. ನಿಧಾನದ ಓಟ 5 ಸೆಕೆಂಡು, ಜೋರಿನ ಓಟ ಎರಡೂವರೆ ಸೆಕೆಂಡು. ಅಷ್ಟರೊಳಗೆ ಗುರಿ ಹಿಡಿದು ಹೊಡೆಯಬೇಕು. ಮೊದಲು ಕೇಳಿದ ಪ್ರಶ್ನೆಗೆ, ಅಂದರೆ ಬೇಟೆ ಮತ್ತು ಗುರಿ ಎರಡಕ್ಕೂ ಒಂದೇ ಸ್ಕೋಪು ಎಂಬುದಕ್ಕೆ, ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು. ಅಲ್ಲಿ ಸ್ಕೋಪಿಗೆ ಅನುಮತಿಯಿತ್ತು.

ಆದರೆ ಓಡುವ ಗುರಿಗೆ ಪಟ್ಟು ಹೆಚ್ಚಿದ್ದರೂ ದಕ್ಕುವುದು ಕಡಿಮೆ. ಪಟ್ಟು ಏರಿದಂತೆ ಕಾಣುವ ಜಾಗ ಕಿರಿದಾಗುತ್ತದೆ. ಸಾಮಾನ್ಯ 3-9 ಸ್ಕೋಪು ಒಂಬತ್ತು ಪಟ್ಟಿನಲ್ಲಿ ನೂರು ಮೀಟರು ಆಚೆ ಸುಮಾರು 4 ಮೀಟರು ಅಗಲವನ್ನು ತೋರಿಸುತ್ತದೆ. ನಮ್ಮ ಕಾಡಿನಲ್ಲಿ ನೂರು ಮೀಟರು ಯಾರಿಗೆ ಕಾಣುತ್ತದೆ? ಬೆತ್ತ, ಕುರುಚಲು, ಬಳ್ಳಿಗಳ ನಡುವೆ ಇಪ್ಪತ್ತು ಮೀಟರು ಕಂಡರೆ ಪುಣ್ಯ. ಆ ದೂರದಲ್ಲಿ 4 ಮೀಟರು ಇಳಿದು 80 ಸೆಂಟಿಮೀಟರು ಆಗುತ್ತದೆ. ಬಲಿತ ಹಂದಿಯ ಉದ್ದ ಒಂದು ಮೀಟರಿಗೂ ಹೆಚ್ಚು. ಕೊಳವೆಯಲ್ಲಿ ಕಾಣುವುದು ಕರಿ ರೋಮ ಮಾತ್ರ, ಅದು ತಲೆಯೋ ತೊಡೆಯೋ ತಿಳಿಯದು. ಹಂದಿಯದೋ ಅಲ್ಲವೋ ಎಂಬುದೂ ತಿಳಿಯದು, ಅದು ಇನ್ನೂ ಗಂಡಾಂತರ. ಮೈಯ ನಡುಕವನ್ನೂ ಸ್ಕೋಪು ಒಂಬತ್ತು ಪಟ್ಟು ಮಾಡಿ ತೋರಿಸುತ್ತದೆ. ಹಾಗಾಗಿ ಬೇಟೆಗೆ ಕಾನೂನಿನ ಅನುಮತಿ ಇರುವ ದೇಶಗಳಲ್ಲಿ ದಟ್ಟ ಕಾಡಿಗೆ ಹೋಗುವವರು ಒಂದರಿಂದ ನಾಲ್ಕು ಪಟ್ಟಿನ ಸಣ್ಣ ಸ್ಕೋಪನ್ನೇ ಇಷ್ಟಪಡುತ್ತಾರೆ. ತೇಜಸ್ವಿಯವರು ಕನ್ನಡಕ್ಕೆ ತಂದ ಕತೆಗಳ ಬೇಟೆಗಾರ ಕೆನೆತ್ ಆಂಡರ್ಸನ್ ತನ್ನ .405 ವಿಂಚೆಸ್ಟರಿನಲ್ಲಿ ಬರಿಗಣ್ಣಿನಿಂದಲೇ ಕೆಲಸ ಮುಗಿಸುತ್ತಿದ್ದ. ದೂರ ಅಷ್ಟು ಕಡಿಮೆ ಇರುತ್ತಿತ್ತು.

ಗುರಿ ಸ್ಪರ್ಧೆಯ ಲೆಕ್ಕ ಪೂರಾ ಉಲ್ಟಾ. ಗುರಿ ಅಲ್ಲಾಡುವುದಿಲ್ಲ, ಬೆಳಕು ಧಾರಾಳ, ಅವಸರವಿಲ್ಲ. 10 ಮೀಟರು ಏರ್ ರೈಫಲಿನ ಕಾಗದದಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರು. ಅದನ್ನು ಹೊಡೆಯುವ ಪೆಲೆಟ್ಟೇ ಅದಕ್ಕಿಂತ ಒಂಬತ್ತು ಪಟ್ಟು ಅಗಲ. ಇಲ್ಲಿ ಪಟ್ಟು ಹೆಚ್ಚಿದ್ದಷ್ಟೂ ಚಂದ. ಬರಿಗಣ್ಣು ನೂರು ಮೀಟರು ದೂರದಲ್ಲಿ 3 ಸೆಂಟಿಮೀಟರಿನಷ್ಟು ಅಂತರವನ್ನು ಬೇರ್ಪಡಿಸಿ ನೋಡಬಲ್ಲದು; ಒಂಬತ್ತು ಪಟ್ಟಿನ ಒಳ್ಳೆಯ ಗಾಜು ಅದನ್ನು 3 ಮಿಲಿಮೀಟರಿನ ಸುಮಾರಿಗೆ ಇಳಿಸುತ್ತದೆ.

ಆದರೆ ಗುರಿಕಾರನ ನಿಜವಾದ ಶತ್ರು ಬೇರೆಯೇ ಇದೆ, ಅದರ ಹೆಸರು ಪ್ಯಾರಲಾಕ್ಸ್. ಬಿಂಬವೂ ಗೆರೆಯೂ ಒಂದೇ ಜಾಗದಲ್ಲಿ ಕೂರುತ್ತವೆ ಎಂದೆನಲ್ಲ, ಅದು ಯಾವುದೋ ಒಂದು ದೂರದ ಗುರಿಗೆ ಮಾತ್ರ ನಿಜ. ಬೇಟೆಯ ಸ್ಕೋಪುಗಳಲ್ಲಿ ಆ ದೂರವನ್ನು ಸಾಮಾನ್ಯವಾಗಿ ನೂರು ಗಜದ ಸುಮಾರಿಗೆ ಕಾರ್ಖಾನೆಯಲ್ಲೇ ಬಿಗಿದುಬಿಡುತ್ತಾರೆ. ಗುರಿ ಹತ್ತಿರವಿದ್ದರೆ ಬಿಂಬ ಗೆರೆಯಿಂದ ಸ್ವಲ್ಪ ಹಿಂದೆ ಸರಿಯುತ್ತದೆ, ಆಗ ಕಣ್ಣು ಕದಲಿದರೆ ಗೆರೆಯೂ ಗುರಿಯ ಮೇಲೆ ಕದಲುತ್ತದೆ.

ಇದನ್ನು ನೋಡಲು ಕೋವಿ ಬೇಡ. ಬಿಡಿ ಸ್ಕೋಪನ್ನು ಜಗಲಿಯ ಮೇಲೆ ಮರಳಿನ ಚೀಲವೊಂದರಲ್ಲಿ ಅಲುಗದಂತೆ ಹೂತಿಡಿ. ಹತ್ತು ಮೀಟರು ದೂರದ ಅಡಿಕೆ ಮರಕ್ಕೆ ಸುಣ್ಣದ ಒಂದು ಬೊಟ್ಟು ಇಟ್ಟು, ಗೆರೆಗಳು ಅದರ ಮೇಲೆ ಕೂಡುವಂತೆ ಹೊಂದಿಸಿ. ಈಗ ಸ್ಕೋಪನ್ನು ಮುಟ್ಟದೆ ತಲೆಯನ್ನು ಮಾತ್ರ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ನಿಧಾನವಾಗಿ ಆಡಿಸಿ. ಗೆರೆಗಳ ಕೂಡು ಬಿಂದು ಬೊಟ್ಟಿನಿಂದ ಜಾರಿ ಮರದ ಮೈಮೇಲೆ ತೇಲಾಡುತ್ತದೆ. ನೂರು ಮೀಟರಿಗೆ ಬಿಗಿದ 40 ಮಿಲಿಮೀಟರಿನ ಸ್ಕೋಪಿನಲ್ಲಿ ಈ ಜಾರಾಟ ಅತಿ ಹೆಚ್ಚೆಂದರೆ ಒಂದೊಂದು ಕಡೆಗೆ 18 ಮಿಲಿಮೀಟರು. ಹಂದಿಯ ಮೈಗೆ ಹೋಲಿಸಿದರೆ ಅದು ಲೆಕ್ಕಕ್ಕೇ ಇಲ್ಲ. 10 ಮೀಟರಿನ ಗುರಿ ಕಾಗದದ ಹೊರ ವೃತ್ತದ ಅಗಲವೇ 45.5 ಮಿಲಿಮೀಟರು, ಅಲ್ಲಿ 18 ಎಂದರೆ ಹತ್ತರ ಚುಕ್ಕೆಯಿಂದ ಹೆಚ್ಚುಕಡಿಮೆ ಅಂಚಿಗೆ ಹೋದಂತೆ. ಏರ್ ರೈಫಲಿಗೆ ದೂರ ಹೊಂದಿಸುವ ಬಳೆ ಇರುವ ಸ್ಕೋಪೇ ಬೇಕು, ಅದು 10 ಗಜದವರೆಗೆ ಇಳಿಯಬೇಕು ಎನ್ನುವುದು ಇದಕ್ಕೆ. ಈ ಬಳೆ ಮುಂದಿನ ಗಾಜಿನ ಸುತ್ತ ಅಥವಾ ಕೊಳವೆಯ ಎಡ ಪಕ್ಕದಲ್ಲಿ ಇರುತ್ತದೆ.

ಗೆರೆಗಳ ವಿಷಯದಲ್ಲೂ ಇಬ್ಬರ ದಾರಿ ಬೇರೆ. ಕೆಲವು ಸ್ಕೋಪಿನಲ್ಲಿ ಜೂಮ್ ಮಾಡಿದಂತೆ ಗೆರೆಯೂ ದಪ್ಪವಾಗುತ್ತದೆ, ಕೆಲವದರಲ್ಲಿ ಗೆರೆ ಇದ್ದಷ್ಟೇ ಇರುತ್ತದೆ. ಅಗ್ಗದ ಬಹುಪಾಲು ಎರಡನೆಯ ಬಗೆಯವು. ಅವುಗಳಲ್ಲಿ ಗೆರೆಯ ಮೇಲಿನ ಚುಕ್ಕೆಗಳ ಅಳತೆ ಒಂದು ಪಟ್ಟಿನಲ್ಲಿ, ಸಾಮಾನ್ಯವಾಗಿ ಗರಿಷ್ಠದಲ್ಲಿ, ಮಾತ್ರ ಸರಿ. ಇದು ತಿಳಿಯದೆ ನಾಲ್ಕು ಪಟ್ಟಿನಲ್ಲಿ ಚುಕ್ಕೆ ಎಣಿಸಿ ಹೊಡೆದು ರೈಫಲನ್ನು ಬೈಯುವವರಿದ್ದಾರೆ.

ಒಂದು ತಮಾಷೆ ನೋಡಿ. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಏರ್ ರೈಫಲಿನಲ್ಲಿ ಸ್ಕೋಪು ಇರಲಿಲ್ಲ. 2024ರ ಪ್ಯಾರಿಸ್‌ನಲ್ಲಿ 50 ಮೀಟರು ಸ್ಪರ್ಧೆಯಲ್ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆಯ ರೈಫಲಿನಲ್ಲೂ ಇರಲಿಲ್ಲ. ಈಗಿನ ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಿ ಅದು ನಿಷಿದ್ಧ. ಅವರದು ಸಣ್ಣ ತೂತಿನ ಮೂಲಕ ನೋಡುವ ಸಾಧನ. ತೂತು ಕಿರಿದಾದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುತ್ತದೆ. ಹಲಸಿನ ಎಲೆಗೆ ಗುಂಡುಸೂಜಿ ಚುಚ್ಚಿ, ಚಾಳೀಸು ತೆಗೆದು, ಆ ತೂತಿನಲ್ಲಿ ಪೇಪರ್ ನೋಡಿದರೆ ಅಕ್ಷರಗಳು ಮೂಡಿಬರುತ್ತವೆ. ಸ್ಪರ್ಧೆಯ ಕನಸಿರುವ ಮಕ್ಕಳಿಗೆ ಮೊದಲು ಕಲಿಸಬೇಕಾದದ್ದು ಇದನ್ನೇ. ಪಕ್ಕದ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವಾಗಲೂ ಸ್ಕೋಪು ಬೇಕಿಲ್ಲ: 30 ಮೀಟರು ಆಚೆಯ ಕಾಯಿ ಬರಿಗಣ್ಣಿನ ಸೂಕ್ಷ್ಮತೆಯ ಮಿತಿಗಿಂತ ಹತ್ತಾರು ಪಟ್ಟು ದೊಡ್ಡದು. ಅಲ್ಲಿ ತಪ್ಪುವುದು ಕೈ, ಕಣ್ಣಲ್ಲ.

ಹಾಗಾದರೆ ಸ್ಕೋಪು ಯಾರಿಗೆ? ಮನೆಯ ಹಿಂದೆ ಮಣ್ಣಿನ ದರೆಗೆ ಕಾಗದ ಅಂಟಿಸಿ ಏರ್ ರೈಫಲಿನಲ್ಲಿ ಅಭ್ಯಾಸ ಮಾಡುವವರಿಗೆ. ಅವರು ನೋಡಬೇಕಾದ ಮೊದಲ ಸಂಗತಿ ಗಾಜಲ್ಲ, ಗಟ್ಟಿತನ. ಸ್ಪ್ರಿಂಗಿನ ಏರ್ ರೈಫಲು ನೋಡಲು ಸಾಧು, ಸ್ಕೋಪಿಗೆ ಮಾತ್ರ ಯಮ. ಕುದುರೆ ಎಳೆದಾಗ ಪಿಸ್ಟನ್ ಮುಂದಕ್ಕೆ ನುಗ್ಗುವುದರಿಂದ ರೈಫಲು ಹಿಂದಕ್ಕೆ ಒದೆಯುತ್ತದೆ, ಮರುಕ್ಷಣ ಪಿಸ್ಟನ್ ತುದಿಗೆ ಬಡಿದಾಗ ಮುಂದಕ್ಕೆ ಜಗ್ಗುತ್ತದೆ. ದೊಡ್ಡ ರೈಫಲಿನ ಸ್ಕೋಪುಗಳು ಹಿಂದಿನ ಒದೆತಕ್ಕೆ ತಯಾರಾದವು, ಮುಂದಿನ ಜಗ್ಗಾಟಕ್ಕಲ್ಲ. ಗೆರೆ ಕಳಚುತ್ತದೆ, ಮಸೂರ ಸಡಿಲವಾಗುತ್ತದೆ. 'ಏರ್ ರೈಫಲಿಗೆ ಯೋಗ್ಯ' ಎಂದು ತಯಾರಕರು ಬರೆದು ಕೊಟ್ಟದ್ದನ್ನೇ ಕೊಳ್ಳಬೇಕು.

ಗುರಿ ಹೊಂದಿಸುವುದರಲ್ಲೂ ಒಂದು ಗುಟ್ಟಿದೆ. ಸ್ಕೋಪಿನ ನಡುಗೆರೆ ನಳಿಗೆಗಿಂತ ಸುಮಾರು 4 ಸೆಂಟಿಮೀಟರು ಮೇಲಿರುತ್ತದೆ. ಸೆಕೆಂಡಿಗೆ 250 ಮೀಟರಿನಂತೆ ಹೊರಟ ಪೆಲೆಟ್ಟು 25 ಮೀಟರು ತಲುಪುವಷ್ಟರಲ್ಲಿ 6 ಸೆಂಟಿಮೀಟರು ಬಿದ್ದಿರುತ್ತದೆ. 25ಕ್ಕೆ ಹೊಂದಿಸಿದರೆ ಪೆಲೆಟ್ಟು ನೋಟದ ಗೆರೆಯನ್ನು ಕೆಳಗಿನಿಂದ ಒಮ್ಮೆ 15 ಮೀಟರಿನ ಹತ್ತಿರ ದಾಟಿ, ಕೂದಲೆಳೆಯಷ್ಟು ಮೇಲೇರಿ, ಮತ್ತೆ 25ರಲ್ಲಿ ಕೂಡುತ್ತದೆ. ಇವೆರಡರ ನಡುವೆ ವ್ಯತ್ಯಾಸ ಅರ್ಧ ಸೆಂಟಿಮೀಟರಿನೊಳಗೆ. ಅದೇ ರೈಫಲು 5 ಮೀಟರಿನಲ್ಲಿ 2 ಸೆಂಟಿಮೀಟರು ಕೆಳಗೆ ಹೊಡೆಯುತ್ತದೆ. ಹತ್ತಿರದ್ದು ಸುಲಭ ಎಂದುಕೊಂಡವರು ತಬ್ಬಿಬ್ಬಾಗುವುದು ಇಲ್ಲೇ.

ಕೊನೆಗೆ ನಮ್ಮ ಮಳೆ. ವರ್ಷಕ್ಕೆ ನಾಲ್ಕು ಮೀಟರಿನ ಆಸುಪಾಸು ಸುರಿಯುವ ಜಿಲ್ಲೆಯಲ್ಲಿ ಗಾಜಿನ ದೊಡ್ಡ ವೈರಿ ಬೂಷ್ಟು. ಆಟಿ ತಿಂಗಳಲ್ಲಿ ಚರ್ಮದ ಚೀಲದಲ್ಲಿಟ್ಟು ಮರೆತ ಕ್ಯಾಮರಾದ ಗಾಜಿನಲ್ಲಿ ಬಿಳಿ ಬೇರುಗಳು ಹರಡಿದ್ದನ್ನು ಕಂಡವರಿಗೆ ಇದು ಗೊತ್ತು. ಆ ಬೂಷ್ಟು ಲೇಪವನ್ನೇ ತಿನ್ನುತ್ತದೆ, ಒರೆಸಿದರೆ ಹೋಗುವುದಿಲ್ಲ. ಒಳಗೆ ಸಾರಜನಕ ತುಂಬಿ ಮುಚ್ಚಿದ ಸ್ಕೋಪಿನೊಳಗೆ ತೇವ ಸುಲಭಕ್ಕೆ ನುಗ್ಗದು. ಅಂಥದ್ದನ್ನೂ ಚರ್ಮದ ಚೀಲದಿಂದ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. 24 ಪಟ್ಟಿನ ಸ್ಕೋಪಿಗಿಂತ ಈ ಡಬ್ಬಿ ಮುಖ್ಯ.

ನನ್ನ ಶಿಫಾರಸು ಇಷ್ಟು: ತೋಟೆ ಕೋವಿಗೆ ಏನೂ ಬೇಡ. ಏರ್ ರೈಫಲಿಗೆ 3-9×40, ದೂರ ಹೊಂದಿಸುವ ಬಳೆ ಇರುವುದು, ಎಲ್ಲ ಮುಖಕ್ಕೂ ಲೇಪವಿರುವುದು, ಒಳಗೆ ಸಾರಜನಕ ತುಂಬಿದ್ದು. ಮುಂದೆ ರೈಫಲ್ ಕ್ಲಬ್ಬು ಸೇರಿ .22ಕ್ಕೆ ಏರಿದರೂ ಅದು ನಡೆಯುತ್ತದೆ. ಹನ್ನೆರಡು, ಇಪ್ಪತ್ನಾಲ್ಕು ಪಟ್ಟು ಎಂದು ಪೈಪೋಟಿಗೆ ಬೀಳುವ ಅಗತ್ಯವಿಲ್ಲ. ತೋಟದಂಚಿನಲ್ಲಿ ಏನೋ ಕದಲಿತೆಂದು ನೋಡಲು ಮಾತ್ರ ಆ ಸ್ಕೋಪನ್ನು ಎತ್ತಲೇಬೇಡಿ. ಸ್ಕೋಪು ತಿರುಗಿದ ಕಡೆಗೆ ನಳಿಗೆಯೂ ತಿರುಗಿರುತ್ತದೆ, ಪೊದೆಯ ಆಚೆ ಇರುವುದು ಸೊಪ್ಪು ತರಲು ಹೋದ ನೆರೆಮನೆಯವರೂ ಆಗಿರಬಹುದು. ನೋಡುವ ಕೆಲಸಕ್ಕೆ ಒಂದು ದುರ್ಬೀನು ಬೇರೆಯೇ ಕೊಳ್ಳಿ.